ನಾಣ್ಯದ ಎರಡೂ ಕಡೆ ಹೆಡ್ಡೇ!

ಈ ದೇಶದ ಅತಿ ಹೆಸರುವಾಸಿ ಮೋಸದ ನಾಣ್ಯ ಚಿಮ್ಮಿದ್ದು ಎಲ್ಲಿ ಗೊತ್ತೇ? ಗೋವಾದ ಕ್ಯಾಸಿನೋದಲ್ಲಲ್ಲ, ಮುಂಬೈಯ ಮಟ್ಕಾ ಅಡ್ಡೆಯಲ್ಲೂ ಅಲ್ಲ. ನಮ್ಮ ರಾಮನಗರದ ಬಂಡೆಗಳ ನಡುವೆ! 1973ರ ಅಕ್ಟೋಬರ್‌ನಲ್ಲಿ ರಮೇಶ್ ಸಿಪ್ಪಿಯವರ ತಂಡ ಇಲ್ಲಿಗೆ ಬಂದು, ಬೆಟ್ಟದ ಮಗ್ಗುಲಲ್ಲಿ ಒಂದು ಹಳ್ಳಿಯನ್ನೇ ಕಟ್ಟಿ ‘ಶೋಲೆ’ ಚಿತ್ರೀಕರಿಸಿತು. ಚಿತ್ರದ ಜೋಡಿ ಗೆಳೆಯರು ಜೈ ಮತ್ತು ವೀರು. ಕಷ್ಟದ ತೀರ್ಮಾನ ಬಂದಾಗಲೆಲ್ಲ ಜೈ ನಾಣ್ಯ ಚಿಮ್ಮುತ್ತಾನೆ, ಬಿದ್ದದ್ದನ್ನು ವೀರು ಒಪ್ಪಿಕೊಳ್ಳುತ್ತಾನೆ. ಕೊನೆಗೆ ಜೈ ಸತ್ತ ಮೇಲೆ ವೀರು ಆ ನಾಣ್ಯವನ್ನು ತಿರುಗಿಸಿ ನೋಡಿದರೆ ಎರಡೂ ಕಡೆ ಹೆಡ್ಡೇ. ಚಿತ್ರ ಬಿಡುಗಡೆಯಾದದ್ದು 1975ರ ಆಗಸ್ಟ್ 15ರಂದು, ಇಂದಿಗೂ ಆ ದೃಶ್ಯಕ್ಕೆ ಜನ ಕಣ್ಣೊರೆಸಿಕೊಳ್ಳುತ್ತಾರೆ. ನನಗೆ ಮಾತ್ರ ಬೇರೆಯದೇ ಬೆರಗು. ಅಷ್ಟು ವರ್ಷದ ಗೆಳೆತನದಲ್ಲಿ ವೀರು ಒಮ್ಮೆಯೂ ಆ ನಾಣ್ಯವನ್ನು ಕೈಗೆ ತೆಗೆದುಕೊಂಡು ನೋಡಲಿಲ್ಲವಲ್ಲ!

ಜೂಜಿನ ದಂಧೆಯಲ್ಲಿ ಮೋಸ ಎಲ್ಲಿರುತ್ತದೆ ಎಂದು ಹುಡುಕಹೊರಟರೆ ಮೊದಲು ಅನುಮಾನ ಬರುವುದು ಸಾಮಾನಿನ ಮೇಲೆ: ನಾಣ್ಯ, ದಾಳ, ಇಸ್ಪೀಟ್ ಎಲೆ. ಅದಕ್ಕೆ ಚನ್ನಪಟ್ಟಣಕ್ಕಿಂತ ಒಳ್ಳೆಯ ಪಾಠಶಾಲೆ ಎಲ್ಲಿದೆ? ಲೇತಿನ ಮೇಲೆ ಆಲೆ ಮರದ ತುಂಡು ಗಿರ್ರನೆ ತಿರುಗುತ್ತಿರುತ್ತದೆ. ಕುಶಲಕರ್ಮಿ ಉಳಿ ಒತ್ತಿದ ಕಡೆ ಮರ ಸುರುಳಿ ಸುರುಳಿಯಾಗಿ ಎದ್ದು ಬರುತ್ತದೆ. ಆಮೇಲೆ ಅರಗಿನ ಕಡ್ಡಿ ಹಿಡಿದರೆ, ತಿಕ್ಕಾಟದ ಬಿಸಿಗೇ ಅದು ಕರಗಿ ಮರಕ್ಕೆ ಬಣ್ಣ ಹತ್ತುತ್ತದೆ. ತಾಳೆಗರಿಯಲ್ಲಿ ಉಜ್ಜಿದರೆ ಫಳಫಳ ಹೊಳಪು. ಹೀಗೆ ಮಾಡಿದ ಬುಗುರಿಯನ್ನು ಒಮ್ಮೆ ನೆಲದ ಮೇಲೆ ತಿರುಗಿಸಿ ನೋಡಿ. ಒಂದು ಪಕ್ಕದಲ್ಲಿ ಮರ ಎಳ್ಳಷ್ಟು ಭಾರವಾಗಿದ್ದರೂ ಓಲಾಡಿ ಬಿದ್ದುಬಿಡುತ್ತದೆ. ದಾಳಕ್ಕೂ ಇದೇ ನ್ಯಾಯ. ಒಂದು ಮುಖದ ಒಳಗೆ ಚೂರು ಸೀಸ ತುಂಬಿದರೆ ಆ ಮುಖ ಕೆಳಗೆ ಕೂರಲು ಹವಣಿಸುತ್ತದೆ, ಎದುರು ಮುಖ ಮತ್ತೆ ಮತ್ತೆ ಮೇಲೆ ಬರುತ್ತದೆ.

ಹಾಗಾದರೆ ಕ್ಯಾಸಿನೋದ ದಾಳದಲ್ಲಿ ಸೀಸ ಇರುತ್ತದೆಯೇ? ಇಲ್ಲ! ಇಲ್ಲೇ ನಾನು ಬೆಕ್ಕಸಬೆರಗಾದದ್ದು. ದೊಡ್ಡ ಕ್ಯಾಸಿನೋಗಳ ದಾಳಗಳು ಆರಪಾರ ಕಾಣುವಂಥವು, ಒಳಗೆ ಏನನ್ನೂ ಬಚ್ಚಿಡಲು ಆಗದಂತೆ. ಚುಕ್ಕಿಗಳಿಗೆ ಕೊರೆದ ಗುಳಿಗಳಿಗೂ ಅಷ್ಟೇ ತೂಕದ ವಸ್ತುವನ್ನು ತುಂಬಿ ಮಟ್ಟಸ ಮಾಡಿರುತ್ತಾರೆ. ಇಲ್ಲದಿದ್ದರೆ ಆರು ಗುಳಿಯ ಮುಖ ಹಗುರಾಗಿಬಿಡುತ್ತದಲ್ಲ! ಅಂಚುಗಳು ಚೂಪು, ಮೈಮೇಲೆ ಕ್ರಮಸಂಖ್ಯೆ. ಅಷ್ಟು ಪ್ರಾಮಾಣಿಕ ದಾಳವನ್ನು ಯಾವ ಮನೆಯಲ್ಲೂ ಯಾರೂ ಉರುಳಿಸಿರಲಿಕ್ಕಿಲ್ಲ. ಮೋಸದ ದಾಳಕ್ಕೆ ಗಿರಾಕಿಗಿಂತ ಹೆಚ್ಚು ಹೆದರುವವನು ಕ್ಯಾಸಿನೋ ಮಾಲೀಕ. ಶಕುನಿಯ ಕಥೆ ಕೇಳಿ ಬೆಳೆದ ನಾವು ತಪ್ಪು ಜಾಗದಲ್ಲಿ ಕಳ್ಳನನ್ನು ಹುಡುಕುತ್ತಿದ್ದೇವೆ.

ಸರಿ, ಯುಗಾದಿಗೆ ಬನ್ನಿ. ಹಬ್ಬದ ಮರುದಿನ ಹೊಸತೊಡಕು. ಮಾಗಡಿಯಿಂದ ಕನಕಪುರದವರೆಗೆ ಮನೆಮನೆಯಲ್ಲಿ ಬಾಡೂಟ, ಅರಳಿಕಟ್ಟೆಯಲ್ಲಿ, ತೋಟದಲ್ಲಿ ಇಸ್ಪೀಟು. ಜೂಜಾಡಬೇಡಿ ಎಂದು ಪೊಲೀಸರು ಎಚ್ಚರಿಸುತ್ತಾರೆ, ಜನ ಆಡುತ್ತಾರೆ. ಆಡುವುದು ಬಹುಪಾಲು ಅಂದರ್ ಬಾಹರ್. ನಮ್ಮ ಕಡೆಯ ಈ ಆಟ ಇಂದು ಗೋವಾದ ಕ್ಯಾಸಿನೋ ಮೇಜುಗಳನ್ನೇರಿದೆ, ವಿದೇಶಿ ಕಂಪನಿಗಳ ಆನ್‌ಲೈನ್ ಸ್ಟುಡಿಯೋಗಳನ್ನೂ ಹೊಕ್ಕಿದೆ! ಆಟ ಎಷ್ಟು ಸರಳ ಎಂದರೆ ಐದು ವರ್ಷದ ಮಗುವಿಗೂ ಕಲಿಸಬಹುದು (ಕಲಿಸಬೇಡಿ). ನಡುವೆ ಒಂದು ಎಲೆ ತೆರೆದಿಟ್ಟು, ಉಳಿದ 51 ಎಲೆಗಳನ್ನು ಒಳಗೊಂದು ಹೊರಗೊಂದು ಹಾಕುತ್ತ ಹೋಗುವುದು. ಅದರ ಜೋಡಿ ಮೊದಲು ಯಾವ ಕಡೆ ಬೀಳುತ್ತದೋ ಆ ಕಡೆ ಕಟ್ಟಿದವರಿಗೆ ಗೆಲುವು. ಫಿಫ್ಟಿ-ಫಿಫ್ಟಿ ಅನ್ನಿಸುತ್ತದೆ ಅಲ್ಲವೇ?

ಅಲ್ಲ! ಪೆನ್ನು ಹಿಡಿಯಿರಿ. 51 ಎಲೆಗಳಲ್ಲಿ ಜೋಡಿಗಳು ಮೂರು. ಮೊದಲ ಎಲೆಯಲ್ಲೇ ಜೋಡಿ ಬೀಳುವ ಸಾಧ್ಯತೆ ಶೇ 5.88. ಆಟ ಎರಡನೇ ಎಲೆಯಲ್ಲಿ ಮುಗಿಯುವ ಸಾಧ್ಯತೆ ಶೇ 5.65. ಮೂರನೆಯದಕ್ಕಿಂತ ನಾಲ್ಕನೆಯದು ತುಸು ಕಡಿಮೆ, ಐದನೆಯದಕ್ಕಿಂತ ಆರನೆಯದು ಇನ್ನೂ ತುಸು. ಎಲ್ಲ ಕೂಡಿದರೆ, ಮೊದಲ ಎಲೆ ಬೀಳುವ ಕಡೆ 100ಕ್ಕೆ 51.5 ಸಲ ಗೆಲ್ಲುತ್ತದೆ. ಕ್ಯಾಸಿನೋಗೆ ಇದು ಚೆನ್ನಾಗಿ ಗೊತ್ತು. ಅದಕ್ಕೇ ಸಾಮಾನ್ಯವಾಗಿ ಆ ಕಡೆ ಗೆದ್ದವನಿಗೆ 100 ರೂಪಾಯಿಗೆ 90 ಮಾತ್ರ, ಇನ್ನೊಂದು ಕಡೆ ಗೆದ್ದವನಿಗೆ ಪೂರ್ತಿ 100. ಲೆಕ್ಕ ಹಾಕಿ: ಒಂದು ಕಡೆ ಕಟ್ಟಿದರೆ ನೂರಕ್ಕೆ ಸರಾಸರಿ 2 ರೂಪಾಯಿ 15 ಪೈಸೆ ಮೇಜಿಗೆ, ಇನ್ನೊಂದು ಕಡೆ ಕಟ್ಟಿದರೆ 3 ರೂಪಾಯಿ. ಯಾವ ಕಡೆಗೆ ಕಟ್ಟಿದರೂ ಕಿತ್ತುಕೊಳ್ಳುವುದು ಮೇಜೇ. ರಾಮನಗರದ ಬಂಡೆಯ ಮೇಲೆ ಚಿಮ್ಮಿದ ನಾಣ್ಯ ನೆನಪಾಯಿತೇ?

ಇನ್ನೊಂದು ವಿಸ್ಮಯ ಕೇಳಿ. ಆಟಗಾರನಿಗೆ ಇದು ಕಣ್ಣಿಗೆ ಬೀಳುವುದೇ ಇಲ್ಲ! ನೂರು ಆಟದಲ್ಲಿ ಅದೃಷ್ಟದ ಏರಿಳಿತವೇ ಐದಾರು ಆಟದಷ್ಟಿರುತ್ತದೆ, ಒಂದೂವರೆ ಆಟದ ವ್ಯತ್ಯಾಸ ಅದರಲ್ಲಿ ಮುಳುಗಿಹೋಗುತ್ತದೆ. ಹತ್ತು ಸಾವಿರ ಆಟ ಲೆಕ್ಕ ಇಟ್ಟವನಿಗೆ ಮಾತ್ರ ಅದು ನಿಚ್ಚಳ. ಹತ್ತು ಸಾವಿರ ಆಟ ನೋಡುವುದು ಮೇಜು, ನೀವಲ್ಲ. ಇದಕ್ಕೆ ಹೋಲಿಸಿದರೆ, ರಾಮನಗರದ ರೇಷ್ಮೆಗೂಡು ಮಾರುಕಟ್ಟೆಯಲ್ಲಿ ರೈತನ ಲಾಟಿಗೆ ಯಾರು ಎಷ್ಟು ಕೂಗಿದರು ಎಂಬುದು ಪರದೆಯ ಮೇಲೆ ಬರುತ್ತದೆ. ಬೆಲೆ ಒಪ್ಪಿಗೆಯಾಗದಿದ್ದರೆ ಬೇಡ ಎನ್ನುವ ಹಕ್ಕೂ ಅವನಿಗಿದೆ. 2 ರೂಪಾಯಿ 15 ಪೈಸೆಯ ಬೋರ್ಡನ್ನು ಯಾವ ಜೂಜಿನ ಮೇಜಿನ ಮೇಲೂ ನಾನು ಕಾಣೆ.

ಮೋಸ ಮಾಡದೆಯೇ ಇಷ್ಟು ಗೆಲ್ಲುವವರು ಮೋಸ ಯಾಕೆ ಮಾಡುತ್ತಾರೆ? ಕಥೆ ರಂಗೇರುವುದು ಇಲ್ಲಿಂದ.

ಅಮೆರಿಕದ ನೆವಾಡಾ ರಾಜ್ಯದಲ್ಲಿ ರಾನ್ ಹ್ಯಾರಿಸ್ ಎಂಬ ಎಂಜಿನಿಯರ್ ಇದ್ದ. ಕ್ಯಾಸಿನೋ ನೌಕರನಲ್ಲ, ಕ್ಯಾಸಿನೋಗಳ ಮೇಲೆ ಕಣ್ಣಿಡುವ ಸರ್ಕಾರಿ ನಿಯಂತ್ರಣ ಮಂಡಳಿಯ ನೌಕರ. ಸ್ಲಾಟ್ ಯಂತ್ರಗಳಲ್ಲಿ ಮೋಸವಿದೆಯೇ ಎಂದು ಪರೀಕ್ಷಿಸುವುದು ಅವನ ಕೆಲಸ. ಅವನು ಮಾಡಿದ್ದೇನು ಗೊತ್ತೇ? ಪರೀಕ್ಷೆಯ ಸಾಫ್ಟ್‌ವೇರ್‌ನಲ್ಲೇ ಮೋಸದ ಬೀಜ ಬಿತ್ತಿದ! ತಪಾಸಣೆಯಾದ ಯಂತ್ರ ತಪಾಸಣೆಯಿಂದಲೇ ಕೆಟ್ಟುಹೋಗುತ್ತಿತ್ತು. ಆಮೇಲೆ ನಾಣ್ಯಗಳನ್ನು ಒಂದು ನಿರ್ದಿಷ್ಟ ಕ್ರಮದಲ್ಲಿ ಹಾಕಿದರೆ ಯಂತ್ರ ದುಡ್ಡು ಸುರಿಯುತ್ತಿತ್ತು. 1995ರ ಜನವರಿಯಲ್ಲಿ ಅಟ್ಲಾಂಟಿಕ್ ಸಿಟಿಯಲ್ಲಿ ಅವನ ಗೆಳೆಯ ಕೀನೋ ಆಟದಲ್ಲಿ ಒಂದು ಲಕ್ಷ ಡಾಲರ್ ಗೆದ್ದಾಗ ಅಧಿಕಾರಿಗಳಿಗೆ ಸಂಶಯ ಬಂದು, ಇಬ್ಬರೂ ಸಿಕ್ಕಿಬಿದ್ದರು. ಬೇಲಿಯೇ ಎದ್ದು ಹೊಲ ಮೇಯ್ದದ್ದು ಎಂದರೆ ಇದೇ ತಾನೆ?

ಇಷ್ಟಾದರೂ ಇದು ಒಬ್ಬನ ಕೈಚಳಕ. ನಿಜವಾದ ದೊಡ್ಡ ಆಟ ನಡೆಯುವುದು ಮೇಜಿನ ಮೇಲಲ್ಲ, ಹಣ ಒಳಗೆ ಬರುವ, ಹೊರಗೆ ಹೋಗುವ ದಾರಿಯಲ್ಲಿ. ಆಸ್ಟ್ರೇಲಿಯಾದ ಕ್ರೌನ್ ಕ್ಯಾಸಿನೋಗಳಿಗೆ 2023ರಲ್ಲಿ ಅಲ್ಲಿನ ಫೆಡರಲ್ ಕೋರ್ಟ್ 45 ಕೋಟಿ ಆಸ್ಟ್ರೇಲಿಯನ್ ಡಾಲರ್ ದಂಡ ಹಾಕಿತು. ದಾಳಕ್ಕೆ ಸೀಸ ತುಂಬಿದ್ದಕ್ಕಲ್ಲ. ಕಪ್ಪುಹಣ ಬಿಳಿಯಾಗುವುದನ್ನು ತಡೆಯುವ ಕಾನೂನು ಮುರಿದದ್ದಕ್ಕೆ.

ಅಷ್ಟು ದೂರ ಯಾಕೆ, ನಮ್ಮಲ್ಲೇ ನೋಡಿ. 2025ರ ಆಗಸ್ಟ್ 22. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕೇಂದ್ರದ ಕಾಯ್ದೆಗೆ ರಾಷ್ಟ್ರಪತಿ ಅಂಕಿತ ಬಿದ್ದ ದಿನ. ಕಾಕತಾಳೀಯ ನೋಡಿ, ಅದೇ ಹೊತ್ತಿಗೆ ಜಾರಿ ನಿರ್ದೇಶನಾಲಯ, ಅಂದರೆ ಇ.ಡಿ., ಚಿತ್ರದುರ್ಗದ ಕಾಂಗ್ರೆಸ್ ಶಾಸಕ ಕೆ.ಸಿ. ವೀರೇಂದ್ರ (ಪಪ್ಪಿ) ಅವರಿಗೆ ಸಂಬಂಧಿಸಿದ ಸುಮಾರು 30 ಸ್ಥಳಗಳಲ್ಲಿ ಶೋಧ ನಡೆಸಿತು. ಗೋವಾದ ಕ್ಯಾಸಿನೋಗಳೂ ಅದರಲ್ಲಿದ್ದವು. ಶಾಸಕರನ್ನು ಬಂಧಿಸಿದ್ದು ಎಲ್ಲಿ? ಸಿಕ್ಕಿಂನ ಗ್ಯಾಂಗ್ಟಕ್‌ನಲ್ಲಿ! ಕ್ಯಾಸಿನೋಗೆ ಜಾಗ ಗುತ್ತಿಗೆ ಹಿಡಿಯಲು ಅಲ್ಲಿಗೆ ಹೋಗಿದ್ದರು ಎಂದು ಇ.ಡಿ. ಹೇಳಿತು. ಸುಮಾರು 12 ಕೋಟಿ ರೂಪಾಯಿ ನಗದು, ಅದರಲ್ಲಿ ಒಂದು ಕೋಟಿಯಷ್ಟು ವಿದೇಶಿ ಕರೆನ್ಸಿ, 6 ಕೋಟಿಯ ಚಿನ್ನಾಭರಣ, 10 ಕಿಲೋ ಬೆಳ್ಳಿ ಸಿಕ್ಕಿತೆಂದೂ, ಕಿಂಗ್567, ರಾಜಾ567 ಹೆಸರಿನ ಬೆಟ್ಟಿಂಗ್ ಜಾಲತಾಣಗಳ ನಂಟಿದೆಯೆಂದೂ ಪಟ್ಟಿ ಕೊಟ್ಟಿತು. ಇದು ಇ.ಡಿ. ಹೊರಿಸಿದ ಆರೋಪ, ತೀರ್ಪು ಕೊಡಬೇಕಾದದ್ದು ನ್ಯಾಯಾಲಯ, ನಾನಲ್ಲ. ಆದರೆ ಚಿತ್ರದುರ್ಗ, ಗೋವಾ, ಗ್ಯಾಂಗ್ಟಕ್ ಮೂರೂ ಒಂದೇ ಪ್ರಕರಣದ ಕಡತದೊಳಗೆ ಕೂತಿರುವುದನ್ನು ಕಂಡು ತಲೆ ತಿರುಗದೆ ಇರುತ್ತದೆಯೇ!

ಕಾನೂನಿನ ಕಥೆ ಇನ್ನೂ ಸೋಜಿಗ. ಗೋವಾ ಸರ್ಕಾರ ಕ್ಯಾಸಿನೋಗೆ ಲೈಸೆನ್ಸ್ ಕೊಡುತ್ತದೆ, ಆದರೆ 2020ರ ಫೆಬ್ರುವರಿ 1ರಿಂದ ಗೋವಾದವರೇ ಅಲ್ಲಿ ಜೂಜಾಡುವಂತಿಲ್ಲ! ತನ್ನ ಮಕ್ಕಳಿಗೆ ಬೇಡವಾದದ್ದು ಪಕ್ಕದ ಮನೆಯ ನಮಗೆ. ನಮ್ಮಲ್ಲಿ 1963ರ ಕರ್ನಾಟಕ ಪೊಲೀಸ್ ಕಾಯ್ದೆ ಜೂಜನ್ನು ನಿಷೇಧಿಸುತ್ತದೆ, ಕೌಶಲದ ಆಟಕ್ಕೆ ವಿನಾಯಿತಿ. ರಮ್ಮಿ ಕೌಶಲದ ಆಟ ಎಂದು ಸುಪ್ರೀಂ ಕೋರ್ಟ್ 1968ರ ಸಿಕಂದರಾಬಾದಿನ ಕ್ಲಬ್ಬೊಂದರ ಪ್ರಕರಣದಲ್ಲಿ ಹೇಳಿದ್ದೇ ತಡ, ರಿಕ್ರಿಯೇಷನ್ ಕ್ಲಬ್ಬುಗಳಿಗೆ ಬಾಗಿಲು ತೆರೆಯಿತು. ಬೋರ್ಡಿನಲ್ಲಿ ರಮ್ಮಿ, ಒಳಗೆ ಅಂದರ್ ಬಾಹರ್ ಎಂಬುದು ದಾಳಿಯ ಸುದ್ದಿಗಳಲ್ಲಿ ಮತ್ತೆ ಮತ್ತೆ ಬರುವ ಮಾತು. 2021ರಲ್ಲಿ ರಾಜ್ಯ ಸರ್ಕಾರ ನಿಷೇಧವನ್ನು ಆನ್‌ಲೈನ್ ಆಟಕ್ಕೂ ವಿಸ್ತರಿಸುವ ತಿದ್ದುಪಡಿ ತಂದಿತು. 2022ರ ಫೆಬ್ರುವರಿ 14ರಂದು ಹೈಕೋರ್ಟ್ ಅದರ ಮುಖ್ಯ ಭಾಗಗಳನ್ನು ರದ್ದು ಮಾಡಿತು.

ಈ ಮಧ್ಯೆ ಪತ್ರಿಕೆಯ ಜಿಲ್ಲಾ ಪುಟದಲ್ಲಿ ನಾಲ್ಕು ಸಾಲಿನ ಸುದ್ದಿ ಬರುತ್ತಲೇ ಇರುತ್ತದೆ: ಇಸ್ಪೀಟ್ ಅಡ್ಡೆ ಮೇಲೆ ದಾಳಿ, ಇಷ್ಟು ಜನರ ಬಂಧನ, ಪಣಕ್ಕಿಟ್ಟಿದ್ದ ಇಷ್ಟು ಸಾವಿರ ವಶ. ತೋಟದ ಮನೆಯಲ್ಲಿ ಕೂತವನ ಬೈಕ್ ಠಾಣೆಯ ಅಂಗಳ ಸೇರುತ್ತದೆ. ವರ್ಷಗಟ್ಟಲೆ ಒಂದು ಅಡ್ಡೆ ಅದೇ ಜಾಗದಲ್ಲಿ ನಡೆಯಬೇಕಾದರೆ ಯಾರೋ ಕಣ್ಣು ಮುಚ್ಚಿಕೊಳ್ಳಲೇಬೇಕು. ಮಾಮೂಲಿ ಎಂದರೆ ಏನೆಂದು ಈ ನಾಡಿನಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ನನ್ನನ್ನು ನಿಬ್ಬೆರಗಾಗಿಸಿದ ಕೊನೆಯ ಸಂಗತಿ ಇದು. ಕೋಟಿಗಟ್ಟಲೆ ಆನ್‌ಲೈನ್ ಜೂಜಿನ ಹಣ ಹರಿಯುವುದು ಎಷ್ಟೋ ಸಲ ಬಡವರ ಹೆಸರಿನಲ್ಲಿ! ವಿದ್ಯಾರ್ಥಿ, ಆಟೋ ಚಾಲಕ, ಕೂಲಿಯವನು, ಹೀಗೆ ಯಾರದೋ ಬ್ಯಾಂಕ್ ಖಾತೆ ಬಾಡಿಗೆಗೆ ಪಡೆದು, ಪಾಸ್‌ಬುಕ್, ಎಟಿಎಂ ಕಾರ್ಡ್, ಸಿಮ್ ಮೂರನ್ನೂ ಇಸಿದುಕೊಂಡು ದಂಧೆ ನಡೆಸುತ್ತಾರೆ. ಲಾಭ ದಂಧೆಯವರದು. ಕೇಸು ಬಿದ್ದಾಗ ನೋಟಿಸು ಬರುವುದು ಖಾತೆ ಇದ್ದವನ ಮನೆಗೆ. ಹೊಸ ಕೇಂದ್ರ ಕಾಯ್ದೆ ಆಡುವವನನ್ನು ಶಿಕ್ಷಿಸುವುದಿಲ್ಲ. ದುಡ್ಡಿನ ಆಟ ನಡೆಸುವವನಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿಯವರೆಗೆ ದಂಡ. ಅದರ ಹಣ ದಾಟಿಸಲು ನೆರವಾದವರಿಗೂ ಶಿಕ್ಷೆ ಇದೆ. ಆದ್ದರಿಂದ ತಿಂಗಳಿಗಿಷ್ಟು ಕೊಡುತ್ತೇವೆ, ಖಾತೆ ತೆರೆದುಕೊಡು ಎಂದು ಯಾರೇ ಬಂದರೂ, ಸ್ವಂತ ಭಾವಮೈದುನನೇ ಬಂದರೂ, ಕೊಡಬೇಡಿ. ಕೊಟ್ಟಾಗಿದ್ದರೆ ಇವತ್ತೇ ಬ್ಯಾಂಕಿಗೆ ಹೋಗಿ ತಡೆಹಿಡಿಸಿ, ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.