ಒಪ್ಪಂದಕ್ಕೆ ಒಪ್ಪಿಗೆ ಯಾರದು?

ಇಂದಿನ ಕೊಪ್ಪಳ ಜಿಲ್ಲೆಯ ಪಶ್ಚಿಮ ಮತ್ತು ದಕ್ಷಿಣದ ಅಂಚು ಸ್ವಾತಂತ್ರ್ಯಪೂರ್ವದಲ್ಲಿ ನಿಜಾಮರ ಮತ್ತು ಬ್ರಿಟಿಷರ ಆಡಳಿತಗಳ ನಡುವಿನ ಸುಂಕದ ಗಡಿಯಾಗಿತ್ತು. ಕೊಪ್ಪಳ ಮತ್ತು ಯಲಬುರ್ಗಾ ನಿಜಾಮರ ಸಂಸ್ಥಾನದೊಳಗೆ ಸಾಲಾರ್ ಜಂಗ್ ಮನೆತನದ ಜಾಗೀರಾಗಿದ್ದವು. ಕುಷ್ಟಗಿ, ಗಂಗಾವತಿ ಅದೇ ಸಂಸ್ಥಾನದ ರಾಯಚೂರು ಜಿಲ್ಲೆಗೆ ಸೇರಿದ್ದವು. ಗದಗ, ರೋಣ ಮುಂಬಯಿ ಪ್ರಾಂತ್ಯದಲ್ಲಿಯೂ ಹೊಳೆಯಾಚೆಯ ಹೊಸಪೇಟೆ ಮದ್ರಾಸ್ ಪ್ರಾಂತ್ಯದಲ್ಲಿಯೂ ಇದ್ದವು. ಭಾಷೆ, ಬಂಧುತ್ವ, ಸಂತೆ ಎಲ್ಲವೂ ಒಂದೇ ಆಗಿದ್ದ ಈ ಸೀಮೆಯಲ್ಲಿ ಸರಕು ದಾಟಬೇಕಾದರೆ ಕರೋಡಗಿರಿಯ, ಅಂದರೆ ಸಂಸ್ಥಾನದ ಸುಂಕ ಇಲಾಖೆಯ, ಕಟ್ಟಳೆಗೆ ಒಳಪಡಬೇಕಿತ್ತು.

ಈ ಸುಂಕದ ವ್ಯವಸ್ಥೆಗೆ 1802ರಲ್ಲಿ ನಿಜಾಮರು ಮತ್ತು ಈಸ್ಟ್ ಇಂಡಿಯಾ ಕಂಪನಿ ಮಾಡಿಕೊಂಡ ವಾಣಿಜ್ಯ ಒಪ್ಪಂದವೇ ತಳಹದಿಯಾಗಿದ್ದು, ಸರಕಿನ ಮೇಲಿನ ಸುಂಕ ಶೇ 5ನ್ನು ಮೀರಬಾರದೆಂದು ಅದರಲ್ಲಿ ಗೊತ್ತುಪಡಿಸಲಾಗಿತ್ತು. ಆ ಸುಂಕದ ಭಾರ ಹೊತ್ತ ರೈತನನ್ನಾಗಲಿ ವರ್ತಕನನ್ನಾಗಲಿ ಕೇಳುವ ಶಾಸನಸಭೆ ಆಗ ಇರಲೇ ಇಲ್ಲ.

1950ರ ಸಂವಿಧಾನ ದೇಶದೊಳಗಿನ ವ್ಯಾಪಾರ ಮುಕ್ತವಾಗಿರಬೇಕೆಂದು 301ನೇ ವಿಧಿಯಲ್ಲಿ ಸಾರಿದರೂ, ಹೈದರಾಬಾದಿನಂಥ ‘ಬಿ’ ವರ್ಗದ ರಾಜ್ಯಗಳು, ಎಂದರೆ ಹಿಂದಿನ ಸಂಸ್ಥಾನಗಳಿಂದ ರೂಪುಗೊಂಡ ರಾಜ್ಯಗಳು, ಕೇಂದ್ರದೊಡನೆ ಒಪ್ಪಂದ ಮಾಡಿಕೊಂಡು ಗಡಿಸುಂಕವನ್ನು ಗರಿಷ್ಠ ಹತ್ತು ವರ್ಷ ಮುಂದುವರಿಸಲು 306ನೇ ವಿಧಿ ಅವಕಾಶವಿತ್ತಿತು. ಐದು ವರ್ಷಗಳ ನಂತರ ಹಣಕಾಸು ಆಯೋಗದ ವರದಿಯನ್ನು ಪರಿಶೀಲಿಸಿ ಅಂಥ ಒಪ್ಪಂದವನ್ನು ಮಾರ್ಪಡಿಸುವ ಅಥವಾ ಕೊನೆಗೊಳಿಸುವ ಅಧಿಕಾರ ರಾಷ್ಟ್ರಪತಿಗಿತ್ತು. ಮರುಪರಿಶೀಲನೆಯ ದಾರಿಯನ್ನು ಮೊದಲೇ ಬರೆದಿಟ್ಟ ಈ ಏರ್ಪಾಡು ವಿವೇಕದ್ದು. ಸಂಸತ್ತು ಅಂಗೀಕರಿಸಿದ ಏಳನೇ ತಿದ್ದುಪಡಿಯಿಂದ ಆ ವಿಧಿ ರದ್ದಾದದ್ದು 1956ರ ನವೆಂಬರ್ 1ರಂದು. ಈ ಸೀಮೆ ಕನ್ನಡನಾಡಿನೊಡನೆ ಒಂದಾದ ದಿನವೂ ಅದೇ. 1952ರಲ್ಲಿ ಕುಷ್ಟಗಿ ಲೋಕಸಭಾ ಕ್ಷೇತ್ರದಿಂದ ಅಳವಂಡಿ ಶಿವಮೂರ್ತಿಸ್ವಾಮಿ ಆಯ್ಕೆಯಾಗಿದ್ದುದರಿಂದ, ಆ ತೀರ್ಮಾನ ಕೈಗೊಂಡ ಸಂಸತ್ತಿನಲ್ಲಿ ಈ ಜನರಿಗೂ ಪ್ರತಿನಿಧಿಯಿದ್ದರು.

ವಿದೇಶಗಳೊಡನೆ ಆಗುವ ಒಪ್ಪಂದಗಳಲ್ಲಿ ಮಾತ್ರ ಶಾಸಕಾಂಗದ ಪಾತ್ರ ಇಂದಿಗೂ ಕಿರಿದು. ಒಪ್ಪಂದ ಮಾಡುವ ವಿಷಯ ಕೇಂದ್ರಪಟ್ಟಿಯ 14ನೇ ನಮೂದಾಗಿದ್ದರೆ ಕೃಷಿ ರಾಜ್ಯಪಟ್ಟಿಯ 14ನೇ ನಮೂದು. ಆದರೆ ಒಪ್ಪಂದದ ಜಾರಿಗಾಗಿ ಯಾವುದೇ ವಿಷಯದಲ್ಲಿ ಕಾನೂನು ಮಾಡುವ ಅಧಿಕಾರವನ್ನು 253ನೇ ವಿಧಿ ಸಂಸತ್ತಿಗೆ ಕೊಟ್ಟಿದೆ. ಸಹಿಗೆ ಮುನ್ನ ಸದನದ ಮತ ಪಡೆಯಬೇಕೆಂಬ ನಿಯಮವಿಲ್ಲ. 1998ರ ಡಿಸೆಂಬರ್‌ನಲ್ಲಿ ಶ್ರೀಲಂಕಾದೊಡನೆ ಆದ ಮುಕ್ತ ವ್ಯಾಪಾರ ಒಪ್ಪಂದದಂಥವುಗಳಿಗೆ ಸಹಿ ಹಾಕುವುದು ಸರ್ಕಾರ. ಸುಂಕದ ಇಳಿಕೆ ಜಾರಿಯಾಗುವುದು 1962ರ ಕಸ್ಟಮ್ಸ್ ಕಾಯ್ದೆಯಡಿ ಹೊರಡಿಸುವ ಅಧಿಸೂಚನೆಗಳಿಂದ. ಅವು ಸದನದ ಮುಂದೆ ಬರುವುದು ಹೊರಟ ಮೇಲೆ. ಅಮೆರಿಕದಲ್ಲಿ ಹೀಗಲ್ಲ: ಕೆನಡಾ, ಮೆಕ್ಸಿಕೊಗಳೊಡನೆ ಪರಿಷ್ಕರಿಸಿದ ಒಪ್ಪಂದ 2020ರ ಜುಲೈನಲ್ಲಿ ಜಾರಿಗೆ ಬರುವ ಮೊದಲು ಅಲ್ಲಿನ ಶಾಸನಸಭೆಯ ಎರಡೂ ಸದನಗಳ ಒಪ್ಪಿಗೆ ಪಡೆಯಿತು.

ಗಂಗಾವತಿಯ ಭತ್ತದ ಬೆಳೆಗಾರರಿಗೂ ಅಕ್ಕಿ ಗಿರಣಿಗಳಿಗೂ ಸದನದ ಮತವಿಲ್ಲದೆ ಅಧಿಸೂಚನೆಯಿಂದಲೇ ವ್ಯಾಪಾರದ ನಿರ್ಧಾರವಾಗುವುದು ದೂರದ ಸಂಗತಿಯಲ್ಲ. ಬಾಸ್ಮತಿಯೇತರ ಬಿಳಿ ಅಕ್ಕಿಯ ರಫ್ತು 2023ರ ಜುಲೈನಲ್ಲಿ ನಿಂತದ್ದೂ 2024ರ ಸೆಪ್ಟೆಂಬರ್‌ನಲ್ಲಿ ಮತ್ತೆ ತೆರೆದದ್ದೂ ಅಧಿಸೂಚನೆಯಿಂದಲೇ. ಕನ್ನಡಿಗರೇ ಆದ ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯ ಅವರ ಅಧ್ಯಕ್ಷತೆಯ ಸಂವಿಧಾನ ಪುನರ್‌ವಿಮರ್ಶಾ ಆಯೋಗ, ಒಪ್ಪಂದ ಮಾಡುವ ಅಧಿಕಾರವನ್ನು ನಿಯಂತ್ರಿಸುವ ಕಾಯ್ದೆಯನ್ನು ಸಂಸತ್ತು ರೂಪಿಸಬೇಕೆಂಬ ಸಲಹೆಯನ್ನು ಹಿಂದೆಯೇ ಮುಂದಿಟ್ಟಿತ್ತು. ಆ ಕಾಯ್ದೆ ಬರಬೇಕು; ಕೃಷಿಯನ್ನು ಮುಟ್ಟುವ ಒಪ್ಪಂದದ ಕರಡು ಸಹಿಗೆ ಮುನ್ನ ಸಂಸತ್ತಿನ ವಾಣಿಜ್ಯ ಸ್ಥಾಯಿ ಸಮಿತಿಯ ಮುಂದೆಯೂ ಸಂಬಂಧಪಟ್ಟ ರಾಜ್ಯಗಳ ವಿಧಾನಸಭೆಗಳ ಮುಂದೆಯೂ ಚರ್ಚೆಗೆ ಬರಬೇಕೆಂಬ ನಿಯಮ ಅದರಲ್ಲಿ ಇರಬೇಕು.