ಅವಳಿ ಬಸಿರು: ಮಾಸು ಒಂದೋ, ಎರಡೋ?

ಜೋಡಿ ಬಾಳೆಹಣ್ಣು ತಿಂದರೆ ಅವಳಿ ಮಕ್ಕಳು ಹುಟ್ಟುತ್ತವೆ ಎಂದು ನಮ್ಮ ಅಜ್ಜಿಯಂದಿರು ಹೇಳುತ್ತಿದ್ದರು. ಬಾಳೆಹಣ್ಣಿನ ಪಾತ್ರ ಇದರಲ್ಲಿ ಏನೂ ಇಲ್ಲ. ತಾಯಿಯ ತವರಿನಲ್ಲಿ ಅವಳಿಗಳಿದ್ದರೆ, ವಯಸ್ಸು 35 ದಾಟಿದ್ದರೆ, ಮಕ್ಕಳಾಗಲು ಚಿಕಿತ್ಸೆ ಪಡೆದಿದ್ದರೆ ಸಂಭವ ಹೆಚ್ಚು. ಕೆಲವೊಮ್ಮೆ ಒಂದೇ ಭ್ರೂಣ ತಾನಾಗಿಯೇ ಎರಡಾಗುತ್ತದೆ.

ಒಂದು ಮಳೆಗಾಲದಲ್ಲಿ ನಮ್ಮ ಧರ್ಮಕೇಂದ್ರದ ಒಂದು ಮನೆಗೆ ಹೋಗಿದ್ದೆವು. ಏಳು ತಿಂಗಳ ಬಸುರಿ ಸೊಸೆ ತಲೆನೋವೆಂದು ಹಣೆಗೆ ಬಟ್ಟೆ ಕಟ್ಟಿ ಜಗಲಿಯಲ್ಲಿ ಕುಳಿತಿದ್ದಳು. ಮುಖ ಊದಿತ್ತು. “ಎರಡು ಮಕ್ಕಳಲ್ಲವಾ ಫಾದರ್, ಊದದೆ ಇರುತ್ತದಾ? ಅಡಿಕೆಗೆ ಮದ್ದು ಬಿಡುವವರು ನಾಳೆ ಬರುತ್ತಾರೆ, ಅದು ಮುಗಿಯಲಿ” ಎಂದರು ಅತ್ತೆ. ಅಂದೇ ಸಂಜೆ ಹೊರಡಿಸಿದೆವು. ರಕ್ತದೊತ್ತಡ ಮಿತಿಮೀರಿತ್ತು. “ಮಾಸು ಒಂದೋ, ಎರಡೋ? ಮೂರನೇ ತಿಂಗಳ ಸ್ಕ್ಯಾನಿಂಗ್ ಎಲ್ಲಿ?” ಎಂದು ಡಾಕ್ಟರು ಕೇಳಿದರೆ ಯಾರಲ್ಲೂ ಉತ್ತರವಿಲ್ಲ. ಒಂದು ಮಗು ಉಳಿಯಿತು. ಇನ್ನೊಂದನ್ನು ನಾವೇ ಮಣ್ಣು ಮಾಡಿದೆವು. ಆ ಮನೆಯವರು ಬರೆಯಿರಿ ಎಂದ ಮೇಲೆಯೇ ಇದನ್ನು ಬರೆಯುತ್ತಿದ್ದೇವೆ.

ಆ ಪ್ರಶ್ನೆಗೆ ಚೆನ್ನಾಗಿ ಉತ್ತರ ಸಿಗುವುದು 11ರಿಂದ 14ನೇ ವಾರದೊಳಗಿನ ಸ್ಕ್ಯಾನಿಂಗ್‌ನಲ್ಲಿ. ಮಾಸು ಬೇರೆ ಬೇರೆಯಾಗಿದ್ದರೆ ಅಪಾಯ ಕಡಿಮೆ. ಸಾಮಾನ್ಯವಾಗಿ ನಾಲ್ಕು ವಾರಕ್ಕೊಮ್ಮೆ ಸ್ಕ್ಯಾನಿಂಗ್ ಸಾಕು. ಇಬ್ಬರಿಗೂ ಒಂದೇ ಮಾಸಾದರೆ ಅದರೊಳಗೆ ರಕ್ತನಾಳಗಳು ಕೂಡಿಕೊಂಡಿರುತ್ತವೆ. ಒಂದೇ ಪೈಪಿನಿಂದ ಎರಡು ತೋಟಕ್ಕೆ ನೀರು ಬಿಟ್ಟರೆ ತಗ್ಗಿನ ತೋಟಕ್ಕೇ ಹೆಚ್ಚು ಹೋಗುವುದನ್ನು ನೀವು ಕಂಡಿದ್ದೀರಿ. ಹಾಗೆಯೇ ಒಂದು ಮಗುವಿನ ರಕ್ತ ಇನ್ನೊಂದಕ್ಕೆ ಹರಿದು, ಕೊಟ್ಟದ್ದು ಸೊರಗುತ್ತದೆ, ಪಡೆದದ್ದರ ಹೃದಯ ಭಾರ ತಾಳಲಾರದೆ ಬಳಲುತ್ತದೆ. ಅದಕ್ಕಾಗಿ 16ನೇ ವಾರದಿಂದ ಎರಡು ವಾರಕ್ಕೊಮ್ಮೆ ನೋಡಬೇಕು. ಬೇಗ ಕಂಡರೆ ಗರ್ಭದೊಳಗೇ ಲೇಸರ್ ಚಿಕಿತ್ಸೆ ಮಾಡುವ ಆಸ್ಪತ್ರೆಗಳಿವೆ.

ಅವಳಿಗಳಲ್ಲಿ ಅರ್ಧಕ್ಕಿಂತ ಹೆಚ್ಚು 37 ವಾರ ತುಂಬುವ ಮೊದಲೇ ಹುಟ್ಟುತ್ತವೆ. ದಿನ ತುಂಬದ ಹೆರಿಗೆಯ ಸೂಚನೆಯಿದ್ದರೆ ಮಕ್ಕಳ ಶ್ವಾಸಕೋಶ ಬಲಿಯಲು ತಾಯಿಗೆ ಇಂಜೆಕ್ಷನ್ ಕೊಡುತ್ತಾರೆ. ಆದರೆ ಸಮಯಕ್ಕೆ ತಲುಪಬೇಕು. ರಕ್ತಹೀನತೆಯೂ ಹೆಚ್ಚು. ಕಬ್ಬಿಣದ ಮಾತ್ರೆಯನ್ನು ಚಹಾದ ಜೊತೆ ನುಂಗುವವರು ನಮ್ಮಲ್ಲಿ ಬಹಳ; ಚಹಾ ಅದರ ಗುಣವನ್ನೇ ಕೆಡಿಸುತ್ತದೆ, ಲಿಂಬೆ ಪಾನಕ ಒಳ್ಳೆಯದು. ತಲೆನೋವು, ಕಣ್ಣು ಮಂಜಾಗುವುದು, ಮುಖ ಊದುವುದು, ಎದೆಗೂಡಿನ ಕೆಳಗೆ ನೋವು, ನೀರು ಅಥವಾ ರಕ್ತ ಹೋಗುವುದು, ಮಕ್ಕಳ ಅಲುಗಾಟ ಕಡಿಮೆಯಾಗುವುದು, ಇವುಗಳಲ್ಲಿ ಒಂದು ಕಂಡರೂ ಮರುದಿನಕ್ಕೆ ಮುಂದೂಡಬೇಡಿ.

ಆದಿಕಾಂಡದಲ್ಲಿ ತಾಮಾರಳ ಹೆರಿಗೆ ನೆನಪಿದೆಯೇ? ಒಂದು ಮಗು ಕೈ ಹೊರಚಾಚಿತು, ಸೂಲಗಿತ್ತಿ ಕೆಂಪು ನೂಲು ಕಟ್ಟಿದಳು, ಅದು ಕೈ ಒಳಗೆಳೆದುಕೊಂಡಿತು, ಇನ್ನೊಂದೇ ಮೊದಲು ಬಂತು. ಇಂದು ಕೈ ಮುಂದಾಗಿ ಬಂದರೆ ಆಪರೇಷನ್ ಥಿಯೇಟರ್ ಹತ್ತಿರವಿರಬೇಕು. ಹಿಗ್ಗಿದ ಗರ್ಭಕೋಶ ಬಿಗಿಯಾಗದೆ ರಕ್ತಸ್ರಾವವೂ ಆಗಬಹುದು. ಆದ್ದರಿಂದ ರಕ್ತದ ವ್ಯವಸ್ಥೆಯೂ ನವಜಾತ ಶಿಶುಗಳ ತೀವ್ರ ನಿಗಾ ಘಟಕವೂ ಇರುವ ಆಸ್ಪತ್ರೆಯನ್ನೇ ಮೊದಲೇ ಗೊತ್ತು ಮಾಡಿಕೊಳ್ಳಿ.

ನಾವು ಗಡಿಯವರು; ಏನಾದರೂ ಮಂಗಳೂರಿಗೇ ಓಡುತ್ತೇವೆ. 2020ರ ಮಾರ್ಚಿನಲ್ಲಿ ತಲಪಾಡಿಯಲ್ಲಿ ರಸ್ತೆ ಮುಚ್ಚಿದಾಗ ಏನಾಯಿತೆಂದು ಕಂಡಿದ್ದೇವೆ. ಮಂಗಳೂರಲ್ಲಿ ತೋರಿಸುವವರು ಕೂಡ ಗಡಿಯ ಈಚೆಯ ಒಂದು ಆಸ್ಪತ್ರೆಯಲ್ಲಿ ಹೆಸರು ಬರೆಸಿ, ಸ್ಕ್ಯಾನಿಂಗ್ ಚೀಟಿಗಳ ನಕಲನ್ನು ಆಶಾ ಕಾರ್ಯಕರ್ತೆಯ ಕೈಯಲ್ಲೂ ಕೊಟ್ಟಿಡಿ.