ಹುಳಿಗೆ ಜಗ್ಗದ ಕಲ್ಲು

ಕೋಲ್ಕತ್ತದಲ್ಲಿ ಬಿಳಿ ಕಲ್ಲೆಂದರೆ ಹಿಂದಿನಿಂದಲೂ ಸಿರಿವಂತಿಕೆ. 1835ರಲ್ಲಿ ರಾಜೇಂದ್ರ ಮಲ್ಲಿಕ್ ಕಟ್ಟಿಸಿದ ಮನೆಗೆ ಮಾರ್ಬಲ್ ಪ್ಯಾಲೇಸ್ ಎಂದೇ ಹೆಸರು. 1921ರಲ್ಲಿ ಬಾಗಿಲು ತೆರೆದ ವಿಕ್ಟೋರಿಯಾ ಮೆಮೋರಿಯಲ್‌ಗೆ ರಾಜಸ್ಥಾನದ ಮಕರಾನಾದಿಂದ ಅಮೃತಶಿಲೆ ತರಿಸಿದರು. ಅದನ್ನು ಕಂಡವರಿಗೆ ತಮ್ಮ ಮನೆಗೂ ಅಂಥದ್ದೇ ಕಲ್ಲು ಬೇಕೆನಿಸುವುದು ಸಹಜ. ನೆಲಕ್ಕೆ ಹಾಕಿಸಿ, ದೇವರ ಕೋಣೆಗೆ ಹಾಕಿಸಿ. ಅಡುಗೆಮನೆಯ ಕಟ್ಟೆಗೆ ಮಾತ್ರ ಬೇಡ.

ಅಮೃತಶಿಲೆ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್; ಸುಣ್ಣದ ಕಲ್ಲೇ ಭೂಮಿಯೊಳಗಿನ ಶಾಖಕ್ಕೂ ಒತ್ತಡಕ್ಕೂ ಸಿಕ್ಕಿ ಹೊಸ ಹರಳುಗಟ್ಟಿದ ರೂಪ. ಆಮ್ಲ ತಾಗಿದರೆ ಅದು ಕರಗುತ್ತದೆ, ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ವಾಹನಗಳ, ಕಲ್ಲಿದ್ದಲಿನ ಹೊಗೆಯಲ್ಲಿರುವ ಗಂಧಕದ ಅನಿಲ ತೇವದೊಡನೆ ಸೇರಿ ಗಂಧಕಾಮ್ಲವಾಗಿ ಅಮೃತಶಿಲೆಯ ಮೈಯನ್ನು ಜಿಪ್ಸಮ್ ಆಗಿಸುತ್ತದೆ. ವಿಕ್ಟೋರಿಯಾ ಮೆಮೋರಿಯಲ್‌ಗೆ ಹೊಗೆಯಿಂದ ಹಾನಿಯಾಗುತ್ತಿದೆ ಎಂಬ ದೂರಿನ ಮೇಲೆಯೇ 2007ರಲ್ಲಿ ಕಲ್ಕತ್ತ ಹೈಕೋರ್ಟ್ ಎಸ್ಪ್ಲನೇಡ್ ಬಸ್ ನಿಲ್ದಾಣವನ್ನು ಅಲ್ಲಿಂದ ಎತ್ತುವಂತೆ ಆದೇಶಿಸಿತ್ತು.

ಹೀಗೆ ಹೊಗೆ ಬೆರೆತ ಮಳೆನೀರಿನ ಹುಳಿಗಿಂತಲೂ ನಿಂಬೆರಸದ ಹುಳಿ ನೂರಾರು ಪಟ್ಟು ಹೆಚ್ಚು. ಬಂಗಾಳದ ಅಡುಗೆಯಲ್ಲಂತೂ ಗಂಧರಾಜ ನಿಂಬೆ, ಹುಣಸೆ, ಮಾವಿನಕಾಯಿ ಹಾಕಿದ ಸಾಸಿವೆಯ ಕಾಸುಂದಿ ಎಲ್ಲವೂ ಹುಳಿಯೇ. ಹೋಳು ಮಾಡಿದ ನಿಂಬೆಯನ್ನು ಪಾಲಿಶ್ ಮಾಡಿದ ಅಮೃತಶಿಲೆಯ ಮೇಲೆ ಮಗುಚಿಟ್ಟು ಐದು ನಿಮಿಷ ಬಿಟ್ಟು ಒರೆಸಿ. ಓರೆ ಬೆಳಕಿನಲ್ಲಿ ಮಂಕಾದ ಒಂದು ಉಂಗುರ ಕಾಣುತ್ತದೆ. ಇದನ್ನು ಕಲೆಯೆಂದು ಉಜ್ಜಿದರೆ ಪ್ರಯೋಜನವಿಲ್ಲ. ಅಲ್ಲಿ ಕಲ್ಲೇ ಸವೆದಿರುತ್ತದೆ, ಮತ್ತೆ ಪಾಲಿಶ್ ಹಿಡಿಸಬೇಕು. ನಮ್ಮ ಕಡಪ ಕಲ್ಲು, ಶಹಾಬಾದ್ ಕಲ್ಲು, ಕೋಟಾ ಕಲ್ಲುಗಳೂ ಸುಣ್ಣದ ಕಲ್ಲುಗಳೇ. ಅಗ್ಗವಾಗಿ ಸಿಗುತ್ತವೆ, ಬಹುಕಾಲ ಬಾಳುತ್ತವೆ, ಆದರೆ ಹೊಳಪು ಉಳಿಯುವುದಿಲ್ಲ.

ಅರಿಸಿನದ ಕಥೆ ಬೇರೆ. ಅದರ ಬಣ್ಣವಾದ ಕರ್ಕ್ಯುಮಿನ್ ಎಣ್ಣೆಯಲ್ಲಿ ಕರಗಿ, ಸಾಸಿವೆ ಎಣ್ಣೆಯ ಜೊತೆ ಕಲ್ಲಿನ ಸಣ್ಣ ರಂಧ್ರಗಳಿಗೆ ಇಳಿಯುತ್ತದೆ. ಗಾಬರಿಯಿಂದ ಸೋಪು ತಿಕ್ಕಿದರೆ ಹಳದಿ ಕೆಂಪಾಗುತ್ತದೆ. ಅರಿಸಿನಕ್ಕೆ ಸುಣ್ಣ ಬೆರೆಸಿ ಓಕುಳಿ ಕದಡುವಾಗ ಆಗುವುದೂ ಇದೇ, ಕ್ಷಾರ ಅದರ ಬಣ್ಣ ಬದಲಿಸುತ್ತದೆ. ಬಿಸಿಲು ಬೀಳುವ ಕಟ್ಟೆಯಾದರೆ ಕಲೆ ದಿನಕಳೆದಂತೆ ತಾನೇ ಮಾಸುತ್ತದೆ.

ಗ್ರಾನೈಟ್‌ನಲ್ಲಿರುವುದು ಹೆಚ್ಚಾಗಿ ಸ್ಫಟಿಕಶಿಲೆ (ಕ್ವಾರ್ಟ್ಜ್) ಮತ್ತು ಫೆಲ್ಡ್‌ಸ್ಪಾರ್. ಮೋಸ್ ಗಡಸುತನದ ಅಳತೆಯಲ್ಲಿ ಅಮೃತಶಿಲೆ 3ರ ಆಸುಪಾಸು, ಫೆಲ್ಡ್‌ಸ್ಪಾರ್ 6, ಸ್ಫಟಿಕಶಿಲೆ 7. ನಿಂಬೆಗೂ ಚಾಕುವಿಗೂ ಇವು ಸುಲಭಕ್ಕೆ ಜಗ್ಗುವುದಿಲ್ಲ. ಇಳಕಲ್ಲಿನ ಕೆಂಪು ಗ್ರಾನೈಟ್ ಈ ಬಗೆಯದು. ಚಾಮರಾಜನಗರದ ಕಪ್ಪು ಕಲ್ಲನ್ನು ವ್ಯಾಪಾರದಲ್ಲಿ ಗ್ರಾನೈಟ್ ಎನ್ನುತ್ತಾರಾದರೂ ಭೂವಿಜ್ಞಾನಿಗೆ ಅದು ಡಾಲರೈಟ್: ಬಿರುಕುಗಳಲ್ಲಿ ನುಗ್ಗಿ ಗಟ್ಟಿಯಾದ ಶಿಲಾಪಾಕ. ಕಣ ನುಣ್ಣಗೆ, ರಂಧ್ರ ಬಹಳ ಕಡಿಮೆ. ಸಾಸಿವೆ ಎಣ್ಣೆಯ ಅಡುಗೆಗೆ ಇದಕ್ಕಿಂತ ಒಳ್ಳೆಯ ಕಲ್ಲು ನನಗೆ ಕಂಡಿಲ್ಲ.

ಕೊಳ್ಳುವ ಮುನ್ನ ಅಂಗಡಿಯಿಂದ ಒಂದು ತುಂಡು ಕೇಳಿ ತನ್ನಿ. ನಿಂಬೆರಸ ಹಾಕಿ ನೋಡಿ. ಇನ್ನೊಂದು ಕಡೆ ನೀರಿನ ಹನಿ ಬಿಟ್ಟು ಕಾಲು ಗಂಟೆ ಕಾಯಿರಿ. ಅಡಿಯ ಕಲ್ಲು ಕಪ್ಪಾದರೆ ಅದು ನೀರು ಹೀರುತ್ತದೆ, ಸೀಲರ್ ಬಳಿಯಲೇಬೇಕು. ಬೂದು ಕಲ್ಲಿಗೆ ಕಪ್ಪು ಬಣ್ಣ ಹಚ್ಚಿ ಮಾರುವುದೂ ಉಂಟು. ಅಸಿಟೋನ್ ಅದ್ದಿದ ಬಿಳಿ ಬಟ್ಟೆಯಲ್ಲಿ ಒರೆಸಿದರೆ ಆ ಬಣ್ಣ ಬಿಡುತ್ತದೆ.

ಈಗ ಎಲ್ಲರೂ ಕೇಳುವ ‘ಕ್ವಾರ್ಟ್ಜ್’ ಕಾರ್ಖಾನೆಯ ಕಲ್ಲು. ತೂಕದಲ್ಲಿ ನೂರಕ್ಕೆ ಸುಮಾರು 90 ಭಾಗ ಸ್ಫಟಿಕಶಿಲೆಯ ಪುಡಿ, ಉಳಿದದ್ದು ಹೆಚ್ಚಾಗಿ ಪ್ಲಾಸ್ಟಿಕ್ ರಾಳ. ಕಲೆ ಹಿಡಿಯುವುದು ಕಡಿಮೆ, ಸೀಲರ್ ಬೇಡ. ಆದರೆ ರಾಳ ಸುಮಾರು 150 ಡಿಗ್ರಿ ಸೆಲ್ಸಿಯಸ್‌ಗೇ ಕೆಡತೊಡಗುತ್ತದೆ. ಸಾಸಿವೆ ಎಣ್ಣೆ ಹೊಗೆಯಾಡುವವರೆಗೆ ಕಾಯ್ದ ಬಾಣಲೆಯ ಬಿಸಿ ಅದಕ್ಕಿಂತ ಬಹಳ ಹೆಚ್ಚು. ಇದಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡುವುದು ಕಲ್ಲು ಕತ್ತರಿಸುವವರ ಪಾಡು. ಕತ್ತರಿಸುವಾಗ ಏಳುವ ಸ್ಫಟಿಕಶಿಲೆಯ, ಅಂದರೆ ಸಿಲಿಕಾದ, ದೂಳು ಶ್ವಾಸಕೋಶ ಸೇರಿದರೆ ಸಿಲಿಕೋಸಿಸ್ ಬರುತ್ತದೆ, ಅದನ್ನು ವಾಸಿ ಮಾಡುವ ಔಷಧಿಯಿಲ್ಲ. ಈ ಕಾರಣಕ್ಕೇ ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಇಂಥ ಕಲ್ಲನ್ನು ನಿಷೇಧಿಸಿತು. ಗ್ರಾನೈಟ್‌ನಲ್ಲೂ ಸಾಕಷ್ಟು ಸಿಲಿಕಾ ಇದೆ. ಡಾಲರೈಟ್‌ನಲ್ಲಿ ಸ್ಫಟಿಕಶಿಲೆ ತೀರಾ ಕಡಿಮೆ. ಯಾವ ಕಲ್ಲಾದರೂ ಸಿಂಕಿನ ಜಾಗವನ್ನು ಮನೆಯೊಳಗೆ ಒಣಗಿದ್ದಂತೆಯೇ ಕೊರೆಯಲು ಬಿಡಬೇಡಿ. ಅಳತೆ ಕೊಟ್ಟು ನೀರು ಹಾಯಿಸುವ ಯಂತ್ರದಲ್ಲೇ ಕತ್ತರಿಸಿಕೊಡಲು ಮೊದಲೇ ಮಾತಾಡಿಕೊಳ್ಳಿ.